ರೀಫಂಡ್ ಮಾಡಿಸಿಕೊಡುತ್ತೇವೆ ಎಂದು ಬಂದ ಕಂಪನಿಯನ್ನು ನಂಬಬಹುದೇ?

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕ. ಕಳೆದ ವಾರ ಮಧ್ಯಾಹ್ನದ ಬಿಡುವಿನಲ್ಲಿ ಇಬ್ಬರು ಯುವಕರು ನಮ್ಮ ಸಿಬ್ಬಂದಿ ಕೊಠಡಿಗೆ ಬಂದು, ತಮ್ಮ ಕಂಪನಿಯು ನೌಕರರಿಗೆ ಆದಾಯ ತೆರಿಗೆ ರೀಫಂಡ್ ಮಾಡಿಸಿಕೊಡುತ್ತದೆ ಎಂದರು. ಹಿಂದಿನ ಮೂರು ವರ್ಷಗಳ ತೆರಿಗೆಯನ್ನೂ ವಾಪಸ್ ತರಿಸುತ್ತಾರಂತೆ. ಈಗ 1,500 ರೂಪಾಯಿ ಫೈಲ್ ಶುಲ್ಕ ಕೊಡಬೇಕು, ಹಣ ಬಂದ ಮೇಲೆ ಅದರಲ್ಲಿ ಶೇ 20 ಕೊಡಬೇಕು. ಫಾರ್ಮ್ 16, ಪ್ಯಾನ್, ಆಧಾರ್ ಜೊತೆಗೆ ಇ-ಫೈಲಿಂಗ್ ಜಾಲತಾಣದ ಪಾಸ್‌ವರ್ಡ್ ಕೇಳಿದ್ದಾರೆ. ಪಕ್ಕದ ಊರಿನ ಶಾಲೆಯ ಇಬ್ಬರಿಗೆ ಕಳೆದ ವರ್ಷ ನಲವತ್ತು ಸಾವಿರದ ಮೇಲೆ ಬಂದಿದೆ. ಅವರ ಬ್ಯಾಂಕಿನ ಸಂದೇಶವನ್ನು ನಾನೇ ನೋಡಿದ್ದೇನೆ. 2024–25ರಲ್ಲಿ ನನ್ನ ಒಟ್ಟು ವೇತನ 10,20,000 ರೂಪಾಯಿ. ಹೊಸ ಪದ್ಧತಿಯಲ್ಲಿ 46,280 ರೂಪಾಯಿ ತೆರಿಗೆ ಕಡಿತವಾಗಿತ್ತು, ರಿಟರ್ನ್ಸ್ ಅನ್ನೂ ಗಡುವಿನೊಳಗೆ ಸಲ್ಲಿಸಿದ್ದೆ. 2025–26ರಲ್ಲಿ ಏನೂ ಕಡಿತವಾಗಿಲ್ಲ. ಇವರನ್ನು ನಂಬಬಹುದೇ? ನನಗೆ ನಿಜವಾಗಿ ಬರಬೇಕಾದದ್ದು ಏನಾದರೂ ಇದೆಯೇ? (ಹೆಸರು ಪ್ರಕಟಿಸುವುದು ಬೇಡ.)

ಉತ್ತರ: ಗುರುಗಳೇ, ಕೊಡಬೇಡಿ. ಪಾಸ್‌ವರ್ಡ್ ಕೊಡಬೇಡಿ, ಒಟಿಪಿ ಹೇಳಬೇಡಿ, 1,500 ರೂಪಾಯಿಯನ್ನೂ ಕೊಡಬೇಡಿ. ಈಗಾಗಲೇ ಕೊಟ್ಟಿದ್ದರೆ ಈ ಉತ್ತರವನ್ನು ಪೂರ್ತಿ ಓದುವ ಮೊದಲು ಪಾಸ್‌ವರ್ಡ್ ಬದಲಿಸಿ ಬನ್ನಿ.

ರೀಫಂಡ್ ಎಂಬ ಮಾತನ್ನು ಸರಿಯಾಗಿ ಹಿಡಿದುಕೊಂಡರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ. ನೀವು ಕಟ್ಟಬೇಕಾದ ತೆರಿಗೆಗಿಂತ ಹೆಚ್ಚು ಹಣ ನಿಮ್ಮ ಹೆಸರಿನಲ್ಲಿ ಸರ್ಕಾರಕ್ಕೆ ಹೋಗಿದ್ದರೆ ಆ ಹೆಚ್ಚುವರಿ ಮಾತ್ರ ನಿಮಗೆ ಮರಳುತ್ತದೆ. ಅದನ್ನು ಯಾರೂ ಹೊಸದಾಗಿ ಹುಟ್ಟಿಸಲಾರರು. 2025–26ರಲ್ಲಿ ನಿಮ್ಮಿಂದ ಏನೂ ಕಡಿತವಾಗಿಲ್ಲ ಎಂದಿದ್ದೀರಿ. ಅದು ಸರಿಯಾಗಿಯೇ ಇದೆ. ಆ ವರ್ಷದಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬರುವುದಿಲ್ಲ. ವೇತನದಾರರಿಗೆ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ (ಯಾವ ರಸೀದಿಯೂ ಇಲ್ಲದೆ ಆದಾಯದಿಂದ ಕಳೆಯುವ ನಿಗದಿತ ಮೊತ್ತ) ಸೇರಿ 12.75 ಲಕ್ಷದವರೆಗೆ ಬರುವುದಿಲ್ಲ. ಸರ್ಕಾರಕ್ಕೆ ಹೋಗದ ಹಣ ಸರ್ಕಾರದಿಂದ ಮರಳಿ ಬರುವುದೆಲ್ಲಿಂದ?

ಹಾಗಾದರೆ ಅವರ ಮಾತೆಲ್ಲ ನಿಂತಿರುವುದು ಹಿಂದಿನ ವರ್ಷಗಳ ಮೇಲೆ. ಅಲ್ಲಿಯೂ ದಾರಿಯಿಲ್ಲ. 2024–25ರ ರಿಟರ್ನ್ಸ್ ಅನ್ನು ತಡವಾಗಿ ಸಲ್ಲಿಸುವ ಅಥವಾ ತಿದ್ದಿ ಸಲ್ಲಿಸುವ ಅವಕಾಶ 2025ರ ಡಿಸೆಂಬರ್ 31ಕ್ಕೆ ಮುಗಿದಿದೆ. ಅದಕ್ಕೂ ಹಿಂದಿನವು ಇನ್ನೂ ಮೊದಲೇ ಮುಗಿದಿವೆ. ಅವರ ಕರಪತ್ರದಲ್ಲಿ ‘ಅಪ್‌ಡೇಟೆಡ್ ರಿಟರ್ನ್ಸ್, ನಾಲ್ಕು ವರ್ಷದವರೆಗೆ’ ಎಂದು ಇರಬಹುದು. ಆ ಸೌಲಭ್ಯ ನಿಜ. 2022ರಲ್ಲಿ ಅದು ಬಂತು, ಮೊದಲು 24 ತಿಂಗಳಿದ್ದ ಅವಧಿಯನ್ನು 2025ರಲ್ಲಿ 48 ತಿಂಗಳಿಗೆ ಏರಿಸಿದರು. ಆದರೆ ಅದು ಬಿಟ್ಟುಹೋದ ಆದಾಯವನ್ನು ತೋರಿಸಿ ಹೆಚ್ಚುವರಿ ತೆರಿಗೆ ಕಟ್ಟುವವರಿಗೆ ಇರುವ ಬಾಗಿಲು. ಅದರಲ್ಲಿ ರೀಫಂಡ್ ಕೇಳುವಂತಿಲ್ಲ, ಮೊದಲು ಕೇಳಿದ ರೀಫಂಡನ್ನು ಹೆಚ್ಚಿಸುವಂತೆಯೂ ಇಲ್ಲ. ಕಾನೂನಿನಲ್ಲೇ ಹಾಗೆ ಬರೆದಿದೆ. ಇದು ಆ ಯುವಕರಿಗೆ ಗೊತ್ತಿಲ್ಲದಿರಬಹುದು, ಅವರ ಮೇಲಿನವರಿಗೆ ಖಂಡಿತ ಗೊತ್ತಿರುತ್ತದೆ. ಅವರ ನಿಜವಾದ ಗಳಿಕೆ ಶೇ 20 ಅಲ್ಲ, ಮುಂಗಡ ತೆಗೆದುಕೊಳ್ಳುವ 1,500. ಒಂದು ತಾಲ್ಲೂಕಿನಲ್ಲಿ ಎಷ್ಟು ಶಾಲೆಗಳಿವೆ, ಒಂದೊಂದರಲ್ಲಿ ಎಷ್ಟು ಶಿಕ್ಷಕರಿದ್ದಾರೆ, ನೀವೇ ಗುಣಿಸಿ ನೋಡಿ.

ಆದರೂ ಪಕ್ಕದ ಶಾಲೆಯ ಇಬ್ಬರಿಗೆ ಬಂದಿದೆಯಲ್ಲ ಎಂದು ನಿಮ್ಮ ಮನಸ್ಸು ಕೇಳುತ್ತಿದೆ. ಅದನ್ನೇ ಬಿಡಿಸಿ ನೋಡೋಣ. ಅವರ ವೇತನವೂ ನಿಮ್ಮಷ್ಟೇ ಎಂದುಕೊಂಡು ನಿಮ್ಮ ಅಂಕಿಗಳನ್ನೇ ಇಟ್ಟು ಲೆಕ್ಕ ಮಾಡುತ್ತೇನೆ. ಹೊಸ ಪದ್ಧತಿಯಲ್ಲಿ 10,20,000ದಲ್ಲಿ 75,000 ಕಳೆದರೆ 9,45,000. ಮೊದಲ ಮೂರು ಲಕ್ಷಕ್ಕೆ ತೆರಿಗೆಯಿಲ್ಲ, ಮುಂದಿನ ನಾಲ್ಕು ಲಕ್ಷಕ್ಕೆ ಶೇ 5ರಂತೆ 20,000, ಉಳಿದ 2,45,000ಕ್ಕೆ ಶೇ 10ರಂತೆ 24,500. ಶೇ 4ರ ಸೆಸ್ ಸೇರಿಸಿದರೆ 46,280. ನಿಮ್ಮ ಬಟವಾಡೆ ಅಧಿಕಾರಿ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕಡಿದಿಲ್ಲ.

ಈ 46,280 ಪೂರ್ತಿ ವಾಪಸ್ ಬರಬೇಕಾದರೆ ಉಳಿತಾಯ, ವಿಮೆ, ದೇಣಿಗೆಗಳನ್ನು ಆದಾಯದಿಂದ ಕಳೆಯಲು ಬಿಡುವ ಹಳೆ ಪದ್ಧತಿಗೆ ಹೋಗಿ ತೆರಿಗೆಯ ಆದಾಯವನ್ನು ಐದು ಲಕ್ಷಕ್ಕೆ ಇಳಿಸಬೇಕು. ಅಲ್ಲಿ ಐದು ಲಕ್ಷದವರೆಗೆ ತೆರಿಗೆ ಬರುವುದಿಲ್ಲ. ಹಳೆ ಪದ್ಧತಿಯ 50,000 ಸ್ಟ್ಯಾಂಡರ್ಡ್ ಡಿಡಕ್ಷನ್, 2,400 ವೃತ್ತಿ ತೆರಿಗೆ, ಕೆಜಿಐಡಿ (ಸರ್ಕಾರಿ ನೌಕರರ ವಿಮೆ), ಎಲ್‌ಐಸಿ, ಎನ್‌ಪಿಎಸ್ ಎಲ್ಲ ಕೂಡಿ 80ಸಿ ಗುಂಪಿನ ಗರಿಷ್ಠ 1,50,000, ಇವಿಷ್ಟನ್ನೂ ಕಳೆದರೆ ಉಳಿಯುವುದು 8,17,600. (ನೀವು ಮನೆ ಬಾಡಿಗೆಯ ಮಾತನ್ನು ಬರೆದಿಲ್ಲ, ಹಾಗಾಗಿ ಸೇರಿಸಿಲ್ಲ.) ಐದು ಲಕ್ಷಕ್ಕೆ ಇನ್ನೂ 3,17,600 ರೂಪಾಯಿ ಕಳೆಯಬೇಕು. ನೀವು ಖರ್ಚು ಮಾಡದ, ದಾನ ಕೊಡದ, ಸಾಲ ತೆಗೆಯದ ಮೂರು ಲಕ್ಷದ ಹದಿನೇಳು ಸಾವಿರದ ಆರು ನೂರು ರೂಪಾಯಿಯನ್ನು ನಿಮ್ಮ ಹೆಸರಿನಲ್ಲಿ ಯಾರೋ ಕಟ್ಟಿ ಬರೆಯಬೇಕು. ಅವರು ಶೇ 20 ಕೇಳುವುದು ಈ ಬರವಣಿಗೆಗೆ.

ಎಲ್ಲಿ ಬರೆಯುತ್ತಾರೆ ಎಂಬುದೂ ಗುಟ್ಟಲ್ಲ. ರಾಜಕೀಯ ಪಕ್ಷಕ್ಕೆ ದೇಣಿಗೆ (80ಜಿಜಿಸಿ), ಶಿಕ್ಷಣ ಸಾಲದ ಬಡ್ಡಿ (80ಇ), ಗಂಭೀರ ಕಾಯಿಲೆಯ ಚಿಕಿತ್ಸೆ (80ಡಿಡಿಬಿ), ಆರೋಗ್ಯ ವಿಮೆ (80ಡಿ), ವಿದ್ಯುತ್ ವಾಹನದ ಸಾಲದ ಬಡ್ಡಿ (80ಇಇಬಿ). ಪಕ್ಷದ ದೇಣಿಗೆ ಇವರಿಗೆ ಬಹಳ ಪ್ರಿಯ, ಏಕೆಂದರೆ ಕೊಟ್ಟ ಮೊತ್ತ ಪೂರ್ತಿ ಕಡಿತಕ್ಕೆ ಸಿಗುತ್ತದೆ.

ಎರಡು ವರ್ಷದ ಹಿಂದೆ ನವನಗರದ ನನ್ನ ಕಚೇರಿಗೆ ಒಬ್ಬ ಸರ್ಕಾರಿ ನೌಕರರು ಬಂದಿದ್ದರು. ಎಲ್ಲರಂತೆ ಅವರೂ ಸಹೋದ್ಯೋಗಿಯ ಮಾತು ಕೇಳಿ ಒಬ್ಬ ಏಜೆಂಟನಿಗೆ ಕಾಗದಪತ್ರ ಕೊಟ್ಟಿದ್ದರು. ಅವರ ಖಾತೆ ತೆರೆದಾಗ ಮೊದಲು ಕಂಡದ್ದು ಇ-ಮೇಲ್ ವಿಳಾಸ. ಅದು ಅವರದ್ದಾಗಿರಲಿಲ್ಲ. ಇಲಾಖೆ ಕಳಿಸಿದ ಪತ್ರಗಳೆಲ್ಲ ಯಾರೂ ತೆರೆಯದ ಆ ವಿಳಾಸಕ್ಕೆ ಹೋಗಿ ಬಿದ್ದಿದ್ದವು. ನಾನು ರಿಟರ್ನ್ಸ್ ಪ್ರತಿಯನ್ನು ಮುದ್ರಿಸಿ ಅವರ ಮುಂದೆ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದುತ್ತ ಬಂದು, ರಾಜಕೀಯ ಪಕ್ಷಕ್ಕೆ ಕೊಟ್ಟ ದೇಣಿಗೆಯ ಸಾಲಿಗೆ ನಿಂತರು. ದಿನಾಂಕವಿತ್ತು, ವ್ಯವಹಾರದ ಸಂಖ್ಯೆ ಇತ್ತು, ಎದುರಿಗೆ ಒಂದೂವರೆ ಲಕ್ಷ ಎಂದಿತ್ತು. “ಯಾವ ಪಕ್ಷ? ನಾನು ಯಾರಿಗೂ ಒಂದು ರೂಪಾಯಿ ಕೊಟ್ಟಿಲ್ಲ” ಎಂದರು. ಬೆರಳು ಮಾತ್ರ ಆ ಸಾಲಿನಿಂದ ಏಳಲಿಲ್ಲ. ಕೊನೆಯ ಪುಟದಲ್ಲಿ, ಮೇಲೆ ಹೇಳಿದ್ದೆಲ್ಲ ನನಗೆ ತಿಳಿದ ಮಟ್ಟಿಗೆ ಸತ್ಯ ಮತ್ತು ಪೂರ್ಣ ಎಂಬ ಘೋಷಣೆಯ ಕೆಳಗೆ ಅವರದೇ ಹೆಸರಿತ್ತು. ಏಜೆಂಟ್ ಫೋನಿನಲ್ಲಿ ಕೇಳಿದ ಆರು ಅಂಕಿಯ ಒಟಿಪಿಯನ್ನು ಅವರು ಹೇಳಿದ್ದರು. ಅದೇ ಅವರ ಸಹಿ.

ನಿಮಗೆ ಇದರಲ್ಲಿ ಇನ್ನೊಂದು ಅಪಾಯವಿದೆ. ಸರ್ಕಾರಿ ನೌಕರ ರಾಜಕೀಯ ಪಕ್ಷಕ್ಕೆ ವಂತಿಗೆ ಕೊಡುವಂತಿಲ್ಲ, ನಡತೆ ನಿಯಮಗಳು ಅದನ್ನು ತಡೆಯುತ್ತವೆ. ಹಾಗಾಗಿ ಆ ಸಾಲು ಸುಳ್ಳಾದರೆ ತೆರಿಗೆ ಕಾಯ್ದೆಯಲ್ಲಿ ತಪ್ಪು, ನಿಜವೆಂದು ವಾದಿಸಿದರೆ ಸೇವಾ ನಿಯಮದಲ್ಲಿ ತಪ್ಪು. 2018ರ ಏಪ್ರಿಲ್‌ನಲ್ಲಿ ಆದಾಯ ತೆರಿಗೆ ಇಲಾಖೆ ಬೆಂಗಳೂರಿನ ತನ್ನ ರಿಟರ್ನ್ಸ್ ಸಂಸ್ಕರಣಾ ಕೇಂದ್ರದ ಮೂಲಕ ವೇತನದಾರರಿಗೆ ಎಚ್ಚರಿಕೆ ಹೊರಡಿಸಿತ್ತು. ಅಲ್ಲಿನ ಐಟಿ ಕಂಪನಿಗಳ ನೌಕರರು ಒಬ್ಬ ಸಲಹೆಗಾರನ ಮೂಲಕ ಸುಳ್ಳು ಕ್ಲೇಮು ಮಾಡಿದ್ದು ಆ ವರ್ಷದ ಆರಂಭದಲ್ಲಿ ಪತ್ತೆಯಾಗಿತ್ತು. ಸುಳ್ಳು ಕಡಿತ ತೋರಿಸಿದವರು ಸರ್ಕಾರಿ ಅಥವಾ ಸಾರ್ವಜನಿಕ ಉದ್ದಿಮೆಯ ನೌಕರರಾಗಿದ್ದರೆ ನಡತೆ ನಿಯಮದ ಕ್ರಮಕ್ಕಾಗಿ ಅವರ ಜಾಗೃತ ವಿಭಾಗಕ್ಕೆ ಬರೆಯಲಾಗುವುದು ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳಿತ್ತು.

ಸಿಕ್ಕಿಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಅದೇ ಲೆಕ್ಕವನ್ನು ಮುಂದುವರಿಸುತ್ತೇನೆ. 46,280ರಲ್ಲಿ ಏಜೆಂಟನ ಪಾಲು 9,256 ಹೋಗಿ ಕೈಗೆ ಉಳಿದದ್ದು 37,024. ಸುಳ್ಳು ಕಡಿತಗಳನ್ನು ತೆಗೆದುಹಾಕಿದಾಗ ಇಲಾಖೆ ಹೊಸ ಪದ್ಧತಿಗೆ ಮರಳಿ ಲೆಕ್ಕ ಹಾಕುವುದಿಲ್ಲ. ರಿಟರ್ನ್ಸ್‌ನಲ್ಲಿ ಆಯ್ದುಕೊಂಡದ್ದು ಹಳೆಯದು, ಲೆಕ್ಕವೂ ಹಳೆಯದರಲ್ಲೇ. 8,17,600ಕ್ಕೆ ಹಳೆ ಪದ್ಧತಿಯ ತೆರಿಗೆ 79,060. ಅಂದರೆ ಬಂದದ್ದನ್ನು ಪೂರ್ತಿ ಹಿಂದಿರುಗಿಸಿ ಅದರ ಮೇಲೆ 32,780 ಕಟ್ಟಬೇಕು. ಬಡ್ಡಿ ಬೇರೆ. ತಪ್ಪು ಮಾಹಿತಿ ಕೊಟ್ಟದ್ದಕ್ಕೆ 1961ರ ಕಾಯ್ದೆಯ ಸೆಕ್ಷನ್ 270ಎ ಪ್ರಕಾರ ತಪ್ಪಿಸಿದ ತೆರಿಗೆಯ ಶೇ 200ರಷ್ಟು ದಂಡ, ಇಲ್ಲಿ ಅದು 1,30,000ಕ್ಕಿಂತ ಹೆಚ್ಚಾಗುತ್ತದೆ. ಒಟ್ಟು ಎರಡು ಲಕ್ಷ ದಾಟಿತು. ಸುಳ್ಳು ಘೋಷಣೆಗೆ ಮೊಕದ್ದಮೆ ಹೂಡುವ ಸೆಕ್ಷನ್ 277 ಕೂಡ ಇದೆ. ನಿಮ್ಮನ್ನು ಹೆದರಿಸಲು ಅದನ್ನು ಹಿಡಿದು ಆಡಿಸುವುದಿಲ್ಲ. ಒಬ್ಬ ಶಿಕ್ಷಕನ ಮನೆಯ ಲೆಕ್ಕ ತಪ್ಪಲು ಎರಡು ಲಕ್ಷವೇ ಸಾಕು. (2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ, ಆದರೆ ಅದಕ್ಕಿಂತ ಹಿಂದಿನ ವರ್ಷಗಳಿಗೆ ಹಳೆಯ ಕಾಯ್ದೆಯೇ ಅನ್ವಯಿಸುತ್ತದೆ.)

ಹಣ ಬಂದಿದೆಯಲ್ಲ, ಇಲಾಖೆ ಒಪ್ಪಿದಂತಾಯಿತಲ್ಲ ಎನ್ನುವವರು ಬಹಳ ಜನ. ಹಾಗಲ್ಲ. ರಿಟರ್ನ್ಸ್ ಜೊತೆ ನಾವು ಯಾವ ರಸೀದಿಯನ್ನೂ ಲಗತ್ತಿಸುವುದಿಲ್ಲ. ಬೆಂಗಳೂರಿನ ಕೇಂದ್ರದ ಕಂಪ್ಯೂಟರು ಕೂಡಿಸಿ ಕಳೆದು, ಮೇಲ್ನೋಟಕ್ಕೆ ಹೊಂದಿದರೆ ಹಣ ಬಿಡುತ್ತದೆ. ಪರಿಶೀಲನೆ ಆಮೇಲೆ ಬರುತ್ತದೆ. ನಿಮ್ಮಂಥವರ ಪ್ರಕರಣದಲ್ಲಿ ಅಸೆಸ್‌ಮೆಂಟ್ ವರ್ಷ (ಆದಾಯ ಬಂದ ವರ್ಷದ ಮುಂದಿನ ಹಣಕಾಸು ವರ್ಷ) ಮುಗಿದ ಮೇಲೂ ಮೂರು ವರ್ಷ ಮೂರು ತಿಂಗಳವರೆಗೆ ಮರುಪರಿಶೀಲನೆಯ ನೋಟಿಸ್ ಕೊಡಬಹುದು. ಅಷ್ಟು ಹೊತ್ತಿಗೆ ಏಜೆಂಟನ ಫೋನು ಸ್ವಿಚ್ ಆಫ್ ಆಗಿರುತ್ತದೆ. 2025ರ ಜುಲೈ 14ರಂದು ಇಂಥ ಜಾಲಗಳ ಮೇಲೆ ದೇಶದ 150 ಕಡೆ ಇಲಾಖೆ ಶೋಧ ನಡೆಸಿತು. ಅದಕ್ಕೂ ಮೊದಲಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಜನ ತಾವಾಗಿಯೇ ರಿಟರ್ನ್ಸ್ ತಿದ್ದಿ 1,045 ಕೋಟಿ ರೂಪಾಯಿಯ ಸುಳ್ಳು ಕ್ಲೇಮುಗಳನ್ನು ಹಿಂತೆಗೆದುಕೊಂಡಿದ್ದರು ಎಂದು ಸರ್ಕಾರವೇ ತಿಳಿಸಿತು. ಏಜೆಂಟರು ತಾತ್ಕಾಲಿಕ ಇ-ಮೇಲ್ ಸೃಷ್ಟಿಸಿ ರಾಶಿ ರಾಶಿ ರಿಟರ್ನ್ಸ್ ಸಲ್ಲಿಸಿ, ಆಮೇಲೆ ಆ ವಿಳಾಸಗಳನ್ನು ಹಾಗೇ ಬಿಟ್ಟುಬಿಡುತ್ತಿದ್ದರು ಎಂಬುದೂ ಆ ಹೇಳಿಕೆಯಲ್ಲಿತ್ತು. ಓದಿದಾಗ ನನಗೆ ಆ ಕನ್ನಡಕದ ನೌಕರರೇ ಕಣ್ಣ ಮುಂದೆ ಬಂದರು.

ಈಗ ನಿಮ್ಮ ಎರಡನೆಯ ಪ್ರಶ್ನೆ. ನ್ಯಾಯವಾಗಿ ಬರಬೇಕಾದ ಹಣವನ್ನು ಹೆದರಿ ಬಿಟ್ಟುಕೊಡುವುದೂ ನನಗೆ ಒಪ್ಪಿಗೆಯಿಲ್ಲ.

ನಮ್ಮ ಭಾಗದ ಶಿಕ್ಷಕರಲ್ಲಿ ನಾನು ಹೆಚ್ಚು ಕಂಡಿರುವುದು ಹಿಂಬಾಕಿಯ ವಿಷಯ. ಕಾಲಮಿತಿ ಬಡ್ತಿ ಅಥವಾ ತಡೆಹಿಡಿದ ವೇತನ ಬಡ್ತಿ ನಾಲ್ಕೈದು ವರ್ಷ ತಡವಾಗಿ ಮಂಜೂರಾಗಿ, ಬಾಕಿಯೆಲ್ಲ ಒಂದೇ ವರ್ಷದಲ್ಲಿ ಕೈಗೆ ಬರುತ್ತದೆ. ಆ ವರ್ಷ ಆದಾಯ ಉಬ್ಬಿ ಮೇಲಿನ ಹಂತದ ತೆರಿಗೆ ಬೀಳುತ್ತದೆ. ಆ ಹಣ ಸಲ್ಲಬೇಕಿದ್ದ ವರ್ಷಗಳಿಗೇ ಹಂಚಿ ಲೆಕ್ಕ ಹಾಕಿ, ಹೆಚ್ಚಾದ ತೆರಿಗೆಗೆ ಪರಿಹಾರ ಪಡೆಯಲು ಸೆಕ್ಷನ್ 89 ಇದೆ. ಹೊಸ ಪದ್ಧತಿಯಲ್ಲಿಯೂ ಸಿಗುತ್ತದೆ. ಇದಕ್ಕೆ ರಿಟರ್ನ್ಸ್‌ಗಿಂತ ಮೊದಲು ಜಾಲತಾಣದಲ್ಲೇ ಫಾರ್ಮ್ 10ಇ ತುಂಬಬೇಕು. ಬಹಳ ಜನ ರಿಟರ್ನ್ಸ್‌ನಲ್ಲಿ ಪರಿಹಾರದ ಮೊತ್ತ ಬರೆದು 10ಇ ಮರೆಯುತ್ತಾರೆ, ಕೇಂದ್ರ ಅದನ್ನು ತಿರಸ್ಕರಿಸುತ್ತದೆ. ನಿಮ್ಮ ಎಚ್‌ಆರ್‌ಎಂಎಸ್ ವೇತನ ಚೀಟಿಗಳನ್ನು ತೆಗೆದು, ಯಾವುದಾದರೂ ತಿಂಗಳಲ್ಲಿ ದೊಡ್ಡ ಹಿಂಬಾಕಿ ಬಿಲ್ಲು ಆಗಿದೆಯೇ ನೋಡಿ.

ಇನ್ನೊಂದು, ಕಡಿದ ತೆರಿಗೆ ನಿಮ್ಮ ಹೆಸರಿಗೆ ಸೇರದಿರುವುದು. ವೇತನದಲ್ಲಿ ಕಡಿತವಾಗಿರುತ್ತದೆ, ಆದರೆ ಕಚೇರಿಯಿಂದ ಸಲ್ಲಿಸುವ ತ್ರೈಮಾಸಿಕ ಪಟ್ಟಿಯಲ್ಲಿ ಪ್ಯಾನ್‌ನ ಒಂದು ಅಕ್ಷರ ತಪ್ಪಿದರೂ 26ಎಎಸ್‌ನಲ್ಲಿ (ನಿಮ್ಮ ಪ್ಯಾನ್‌ಗೆ ಜಮೆಯಾದ ತೆರಿಗೆಯ ಪಟ್ಟಿ) ಅದು ಕಾಣುವುದಿಲ್ಲ. ಇದನ್ನು ಸರಿಪಡಿಸಬೇಕಾದವರು ಬಟವಾಡೆ ಅಧಿಕಾರಿ, ತಿದ್ದುಪಡಿ ಪಟ್ಟಿ ಸಲ್ಲಿಸುವ ಮೂಲಕ. ಲಿಖಿತವಾಗಿ ಕೇಳಿ, ಸ್ವೀಕೃತಿ ತೆಗೆದುಕೊಳ್ಳಿ. ಬಾಯಿಮಾತಿನಲ್ಲಿ ಕೇಳಿದರೆ ‘ಮುಂದಿನ ವಾರ’ ಎನ್ನುತ್ತಾರೆ.

ಮನೆಯವರ ಹೆಸರಿನಲ್ಲಿ ಠೇವಣಿ ಇದ್ದು ಬ್ಯಾಂಕ್ ಬಡ್ಡಿಯಲ್ಲಿ ತೆರಿಗೆ ಕಡಿದಿದ್ದರೆ, ಅವರಿಗೆ ಬೇರೆ ಆದಾಯವಿಲ್ಲದಿದ್ದರೆ, ಅವರ ರಿಟರ್ನ್ಸ್ ಸಲ್ಲಿಸಿದರೆ ಅದು ಮರಳುತ್ತದೆ. ನಿಮ್ಮ ಜಿಲ್ಲೆಯವರೆಂದು ಇನ್ನೊಂದನ್ನೂ ಹೇಳುತ್ತೇನೆ. ಕೃಷ್ಣಾ ಮೇಲ್ದಂಡೆ ಯೋಜನೆಗೆ ಜಮೀನು ಹೋದ ಕುಟುಂಬವಾಗಿದ್ದು, ಹೆಚ್ಚುವರಿ ಪರಿಹಾರದ ಬಡ್ಡಿಯಲ್ಲಿ ಟಿಡಿಎಸ್ ಕಡಿತವಾಗಿದ್ದರೆ, ತೆರಿಗೆಗೆ ಒಳಪಡುವ ಬಡ್ಡಿಯಲ್ಲಿ ಅರ್ಧವನ್ನು ಕಳೆಯಲು ಸೆಕ್ಷನ್ 57(4) ಅವಕಾಶ ಕೊಡುತ್ತದೆ. ತಂದೆಯವರ ಹೆಸರಿನಲ್ಲಿ ಇಂಥದ್ದು ಇದ್ದರೆ ತೀರ್ಪಿನ ಪ್ರತಿ ಹಿಡಿದುಕೊಂಡು ಒಬ್ಬ ಲೆಕ್ಕ ಪರಿಶೋಧಕರನ್ನು ಕಾಣಿ. ಇದು ಜಟಿಲ ವಿಷಯ, ಪತ್ರದಲ್ಲಿ ಮುಗಿಯುವಂಥದ್ದಲ್ಲ.

ಗಡುವು ಮೀರಿದ ಹಳೆಯ ವರ್ಷದಲ್ಲಿ ಇಂಥ ನಿಜವಾದ ರೀಫಂಡ್ ಉಳಿದಿದ್ದರೆ ಒಂದು ದಾರಿಯಿದೆ. ಸೆಕ್ಷನ್ 119(2)(ಬಿ) ಅಡಿ ವಿಳಂಬ ಮನ್ನಾ ಕೋರಿ ಅರ್ಜಿ ಹಾಕಬಹುದು. 2024ರ ಅಕ್ಟೋಬರ್ 1ರ ಸುತ್ತೋಲೆಯಂತೆ ಅಸೆಸ್‌ಮೆಂಟ್ ವರ್ಷ ಮುಗಿದು ಐದು ವರ್ಷದೊಳಗೆ ಅರ್ಜಿ ಹಾಕಬೇಕು, ಒಂದು ಕೋಟಿವರೆಗಿನ ಮೊತ್ತವನ್ನು ಆಯುಕ್ತರ ಹಂತದಲ್ಲೇ ತೀರ್ಮಾನಿಸುತ್ತಾರೆ. ಅಲ್ಲಿ ತಡವೇಕಾಯಿತು, ಹಕ್ಕು ಹೇಗೆ ನಿಜ ಎಂಬುದನ್ನು ದಾಖಲೆಯೊಂದಿಗೆ ತೋರಿಸಬೇಕು. ಶಾಲೆಯಿಂದ ಶಾಲೆಗೆ ತಿರುಗಿ 1,500 ಕೂಡಿಸುವವರು ಆ ಕೆಲಸ ಮಾಡುವವರಲ್ಲ.

ಸಹಾಯ ಬೇಕೆಂದರೆ ಯಾರ ಬಳಿ ಹೋಗಬೇಕು? ವೇತನ ಮಾತ್ರ ಇರುವ ನಿಮ್ಮಂಥವರಿಗೆ ಐಟಿಆರ್-1 ಸಾಕು. ಜಾಲತಾಣದಲ್ಲಿ ಅದು ಉಚಿತ, ಅಂಕಿಗಳು ಬಹುಪಾಲು ಮೊದಲೇ ತುಂಬಿರುತ್ತವೆ. ಒಂದು ರಜೆಯ ಮಧ್ಯಾಹ್ನದಲ್ಲಿ ಗಣಿತದವರೊಬ್ಬರು ಮುಗಿಸಬಹುದಾದ ಕೆಲಸ. ಬೇರೆಯವರಿಂದ ಮಾಡಿಸಿದರೆ ಕೆಲಸಕ್ಕೆ ಇಷ್ಟು ಎಂದು ಮೊದಲೇ ಹೇಳುವವರನ್ನು ಹಿಡಿಯಿರಿ. ರೀಫಂಡಿನಲ್ಲಿ ಪಾಲು ಕೇಳುವವನಿಗೆ ನಿಮ್ಮ ರಿಟರ್ನ್ಸ್‌ನಲ್ಲಿ ಸುಳ್ಳು ಹೆಚ್ಚಿದಷ್ಟೂ ಲಾಭ. ಅದಕ್ಕಾಗಿಯೇ 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯು, ಕೆಲವು ನಿಗದಿತ ಕೆಲಸಗಳನ್ನು ಬಿಟ್ಟರೆ, ಫಲಿತಾಂಶದ ಶೇಕಡಾವಾರು ಲೆಕ್ಕದಲ್ಲಿ ಶುಲ್ಕ ಪಡೆಯುವುದನ್ನು ವೃತ್ತಿ ದುರ್ನಡತೆ ಎಂದು ಪರಿಗಣಿಸುತ್ತದೆ. ಕಂಪನಿ ನೋಂದಣಿ ಪತ್ರ, ಜಿಎಸ್‌ಟಿ ಪತ್ರ ತೋರಿಸಿದರೆ ಮರುಳಾಗಬೇಡಿ. ಚಹಾ ಅಂಗಡಿಯೂ ಜಿಎಸ್‌ಟಿ ಸಂಖ್ಯೆ ಪಡೆಯಬಹುದು. ಸಲ್ಲಿಸುವ ಮೊದಲು ಪ್ರತಿಯನ್ನು ಕೈಗೆ ಕೊಡಲು ಹೇಳಿ, ಪ್ರತಿ ಸಾಲನ್ನೂ ಓದಿ, ಆಮೇಲೆ ಒಟಿಪಿಯನ್ನು ನೀವೇ ಹಾಕಿ. ಖಾತೆಯಲ್ಲಿ ಮೊಬೈಲ್ ಮತ್ತು ಇ-ಮೇಲ್ ನಿಮ್ಮದೇ ಇರಲಿ. ಆ ಯುವಕರಿಗೆ ಹಣ ಕೊಟ್ಟವರು ನಿಮ್ಮ ಶಾಲೆಯಲ್ಲಿದ್ದು ವಂಚನೆಯೆಂದು ಅನಿಸಿದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಲಿ.

ಪಕ್ಕದ ಶಾಲೆಯ ಆ ಇಬ್ಬರ ಬಗ್ಗೆ ನನಗೆ ನಿಮಗಿಂತ ಹೆಚ್ಚು ಚಿಂತೆಯಾಗಿದೆ. ಅವರನ್ನು ತಪ್ಪಿತಸ್ಥರಂತೆ ನೋಡಬೇಡಿ, ತಮ್ಮ ರಿಟರ್ನ್ಸ್‌ನಲ್ಲಿ ಏನಿದೆ ಎಂಬುದು ಅವರಿಗೇ ಗೊತ್ತಿಲ್ಲದಿರುವ ಸಾಧ್ಯತೆ ಹೆಚ್ಚು. ಮೊದಲು ಖಾತೆ ತೆರೆದು ಪ್ರತಿ ಇಳಿಸಿಕೊಳ್ಳಲಿ. ಸುಳ್ಳು ಕಡಿತ ಕಂಡರೆ ಅಪ್‌ಡೇಟೆಡ್ ರಿಟರ್ನ್ಸ್ ಸಲ್ಲಿಸಿ ಸರಿಪಡಿಸಿಕೊಳ್ಳಬಹುದು. ಆ ಸೌಲಭ್ಯ ಇರುವುದೇ ಇದಕ್ಕೆ. 2024–25ರ ಆದಾಯಕ್ಕೆ 2027ರ ಮಾರ್ಚ್ 31ರೊಳಗೆ ಸಲ್ಲಿಸಿದರೆ ಬಾಕಿ ತೆರಿಗೆ ಮತ್ತು ಬಡ್ಡಿಯ ಮೇಲೆ ಶೇ 25 ಹೆಚ್ಚುವರಿ, ಅದರ ಮುಂದಿನ ವರ್ಷ ಶೇ 50, ಆಮೇಲೆ 60, 70. ಹಳೆ ಪದ್ಧತಿಯ ತೆರಿಗೆಯನ್ನೇ ಕಟ್ಟಬೇಕಾಗುತ್ತದೆ, ನೋವಾಗುತ್ತದೆ. ಆದರೂ ಶೇ 200ರ ದಂಡದ ಮುಂದೆ ಅದು ಕಡಿಮೆಯೇ. ನೋಟಿಸ್ ಬಂದು ಪ್ರಕ್ರಿಯೆ ಶುರುವಾದರೆ ಈ ದಾರಿ ಬಹುತೇಕ ಮುಚ್ಚುತ್ತದೆ, ಅದಕ್ಕೇ ತಡ ಮಾಡಬಾರದು. ಇಳಿಸಿಕೊಂಡ ಪ್ರತಿ, ಫಾರ್ಮ್ 16 ಮತ್ತು 26ಎಎಸ್ ಹಿಡಿದುಕೊಂಡು ಯಾವುದೇ ಶನಿವಾರ ಮಧ್ಯಾಹ್ನ ನನ್ನ ಬಳಿ ಬರಲು ಹೇಳಿ. ನೋಡಿ ಹೇಳುವುದಕ್ಕೆ ನಾನು ಶುಲ್ಕ ತೆಗೆದುಕೊಳ್ಳುವುದಿಲ್ಲ.